ವೈರ್ ಕತ್ತರಿಸಿ ತರಬೇಡಿ: ಅಜ್ಜನ ರೇಡಿಯೊ ಸ್ಪೀಕರ್‌ಗೆ ಬೆಲೆ ಹೇಳುವ ಕೆಲಸ

ನಮ್ಮ ಅಂಗಡಿಗೆ ಬರುವ ಹಳೇ ರೇಡಿಯೊ ಸ್ಪೀಕರ್‌ಗಳು ಹೆಚ್ಚಾಗಿ ವೈರ್ ಕತ್ತರಿಸಿಕೊಂಡೇ ಬರುತ್ತವೆ. ಮನೆ ಭಾಗ ಆಗುವಾಗಲೋ, ಹಳೇ ಮನೆ ಕೆಡವುವಾಗಲೋ ಅಟ್ಟದಿಂದ ರೇಡಿಯೊ ಇಳಿಯುತ್ತದೆ. ಪೆಟ್ಟಿಗೆಗೆ ಗೆದ್ದಲು ಹಿಡಿದಿರುತ್ತದೆ. "ಸ್ಪೀಕರ್ ದಪ್ಪ ಐತಿ, ಅದಕ್ಕೇ ರೇಟು" ಅಂತ ಯಾರೋ ಹೇಳುತ್ತಾರೆ. ಅಷ್ಟೇ. ವೈರ್ ಕತ್ತರಿಸಿ, ಪೆಟ್ಟಿಗೆಯನ್ನು ಗುಜರಿಗೆ ಹಾಕಿ, ಸ್ಪೀಕರನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡು ದಾವಣಗೆರೆ ಬಸ್ಸು ಹತ್ತುತ್ತಾರೆ. ಬಂದವರು ಮೊದಲು ಕೇಳೋದು, "ಇದಕ್ಕೆ ಎಷ್ಟು ಬರುತ್ತೆ ಅಣ್ಣಾ?"

ನನ್ನ ಹೊಟ್ಟೆಪಾಡು ಮೈಕ್ ಸೆಟ್ ಮತ್ತು ಆಂಪ್ಲಿಫೈಯರ್ ರಿಪೇರಿ. ಜಾತ್ರೆ, ಮದುವೆ ಕಾಲದಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ವಾಲ್ವ್ ರೇಡಿಯೊ, ಅಂದರೆ ಗಾಜಿನ ಬಲ್ಬಿನಂಥ ವಾಲ್ವ್‌ಗಳಿಂದ ನಡೆಯುವ ಹಳೇ ರೇಡಿಯೊ, ನನ್ನ ಹುಚ್ಚು. ಹಾಗಾಗಿ ಇಂಥವರನ್ನು ಊರಿನ ಬೇರೆ ಅಂಗಡಿಯವರೂ ನನ್ನ ಹತ್ತಿರ ಕಳಿಸುತ್ತಾರೆ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಇದು ಯಾವುದರಲ್ಲಿತ್ತು?

ಜಗಳೂರು ಕಡೆಯ ಅಣ್ಣತಮ್ಮಂದಿರು ತಂದ ಸ್ಪೀಕರ್ ಬಗ್ಗೆ ಹೇಳಿದರೆ ಈ ಪ್ರಶ್ನೆ ಯಾಕೆ ಅಂತ ಗೊತ್ತಾಗುತ್ತದೆ. ಎಂಟು ಇಂಚಿನ ಕೋನ್ (ಅದುರಿ ಶಬ್ದ ಹೊರಡಿಸುವ ಕಾಗದದ ಭಾಗ), ಹಿಂದೆ ಡಬ್ಬಿಯಂಥ ಭಾರದ ಕಬ್ಬಿಣ, ಪಕ್ಕದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್. ಅವರು ಆಗಲೇ ಬೇರೆ ಕಡೆ ತೋರಿಸಿ ಬಂದಿದ್ದರು. "ಸೌಂಡೇ ಬರಲ್ಲ, ಸತ್ತೋಗೈತಿ" ಅಂತ ಅಲ್ಲಿ ಹೇಳಿದ್ದರಂತೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ್ದನಂತೆ. ನಾನು ಸ್ಕ್ರೂ ಡ್ರೈವರ್ ತುದಿಯನ್ನು ಹಿಂದಿನ ಕಬ್ಬಿಣಕ್ಕೆ ಹಿಡಿದೆ. ಅದು ಸೆಳೆಯಲೇ ಇಲ್ಲ. ತಮ್ಮ, "ನೋಡ್ರೀ, ಮ್ಯಾಗ್ನೆಟ್ಟೂ ಹೋಗೈತಿ" ಅಂದರು. ಆದರೆ ಕತ್ತರಿಸಿದ ವೈರ್ ತುದಿಗಳು ಎರಡಲ್ಲ, ನಾಲ್ಕು ಇದ್ದವು. ನನಗೆ ಖುಷಿಯಾಗಿದ್ದು ಅಲ್ಲಿಯೇ.

ಆ ಸ್ಪೀಕರಿನಲ್ಲಿ ಮ್ಯಾಗ್ನೆಟ್ ಇರಲೇ ಇಲ್ಲ. ಅದು ಫೀಲ್ಡ್ ಕಾಯಿಲ್ ಸ್ಪೀಕರ್. ಇಂದಿನ ಸ್ಪೀಕರ್‌ಗಳ ಮೂಲ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು 1925ರಲ್ಲಿ ಮುಂದಿಟ್ಟರು. ಆಗ ಅದಕ್ಕೆ ಬೇಕಾದಷ್ಟು ಬಲವಾದ ಕಾಯಂ ಮ್ಯಾಗ್ನೆಟ್ ಅಗ್ಗಕ್ಕೆ ಸಿಗುತ್ತಿರಲಿಲ್ಲ. ಅದಕ್ಕೇ ಸಾವಿರಾರು ಸುತ್ತು ತಾಮ್ರದ ತಂತಿ ಸುತ್ತಿ, ಕರೆಂಟ್ ಕೊಟ್ಟು ಕಬ್ಬಿಣವನ್ನೇ ಮ್ಯಾಗ್ನೆಟ್ ಮಾಡುತ್ತಿದ್ದರು. ಆ ತಂತಿ ಸುರುಳಿಯೇ ಫೀಲ್ಡ್ ಕಾಯಿಲ್. 1930ರ ದಶಕದ ದೊಡ್ಡ ಸೆಟ್‌ಗಳಲ್ಲಿ ಹೆಚ್ಚಾಗಿ ಇದೇ. ಎರಡನೇ ಮಹಾಯುದ್ಧದ ನಂತರ ಅಲ್ನಿಕೊ ಎಂಬ ಮಿಶ್ರಲೋಹದ ಬಲವಾದ ಕಾಯಂ ಮ್ಯಾಗ್ನೆಟ್ ಎಲ್ಲೆಡೆ ಬಳಕೆಗೆ ಬಂದು ಇದು ಮರೆಯಾಯಿತು. ಅಂದಿನ ಇಂಜಿನಿಯರುಗಳ ಜಾಣತನ ನೋಡಿ: ಅದೇ ಸುರುಳಿಯನ್ನು ರೇಡಿಯೊದ ಪವರ್ ಸಪ್ಲೈಯಲ್ಲಿ ಚೋಕ್ ಆಗಿಯೂ ಬಳಸಿದರು. ಗುಂಯ್ ಅನ್ನುವ ಹಮ್ ಶಬ್ದ ಅಲ್ಲೇ ಸೋಸಿ ಹೋಗುತ್ತಿತ್ತು. ಹಾಗಾಗಿ ಸ್ಪೀಕರ್ ಕಿತ್ತರೆ ರೇಡಿಯೊ ಓಡುವುದಿಲ್ಲ, ರೇಡಿಯೊ ಇಲ್ಲದಿದ್ದರೆ ಸ್ಪೀಕರ್ ಬಾಯಿ ಬಿಡುವುದಿಲ್ಲ. ಒಂದು ಎತ್ತನ್ನು ಮಾರಿ ಇನ್ನೊಂದರಿಂದ ಉಳುತ್ತೇನೆ ಅಂದಹಾಗೆ.

ತಂತಿಯ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್ ಹಿಡಿದೆ. ಎರಡು ವೈರ್ ನಡುವೆ ಕೆಲವು ನೂರು ಓಮ್, ಅದು ಟ್ರಾನ್ಸ್‌ಫಾರ್ಮರ್. ಇನ್ನೆರಡರ ನಡುವೆ ಸಾವಿರಕ್ಕೂ ಮೇಲೆ, ಅದು ಫೀಲ್ಡ್. ಎರಡೂ ಜೀವಂತ! ಬೆಂಚಿನ ಮೇಲಿನ ಸಪ್ಲೈಯಿಂದ ಫೀಲ್ಡ್‌ಗೆ ಡಿಸಿ ಕೊಟ್ಟು ಹಾಡು ಹಾಕಿದೆ. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಆ ವೈರ್‌ಗಳಲ್ಲಿ ನೂರಾರು ವೋಲ್ಟ್ ಓಡಾಡುತ್ತದೆ.)

ಇನ್ನೊಂದು ವಿಷಯವೂ ಹೊರಬಿತ್ತು. ಇಂಥ ಫೀಲ್ಡ್ ಕಾಯಿಲ್‌ಗೆ ಮೇನ್ಸ್ ಕರೆಂಟ್ ಬೇಕು. ಆ ಕಾಲದಲ್ಲಿ ಕರೆಂಟ್ ಇಲ್ಲದ ಹಳ್ಳಿಯಲ್ಲಿ ಬ್ಯಾಟರಿ ಸೆಟ್ ಮಾತ್ರ ನಡೆಯುತ್ತಿತ್ತು. ಬ್ಯಾಟರಿ ಸೆಟ್‌ಗೆ ಫೀಲ್ಡ್ ಕಾಯಿಲ್ ಹಾಕಿದರೆ ಬ್ಯಾಟರಿ ನಿಲ್ಲುವುದಿಲ್ಲ. "ನಿಮ್ಮಜ್ಜ ಇದನ್ನ ಊರಲ್ಲಿ ಹಾಕಿಸಿರಲಿಕ್ಕಿಲ್ಲ" ಅಂದೆ. ಆಗ ಅಣ್ಣನಿಗೆ ನೆನಪಾಯಿತು. ಅಜ್ಜ ಹತ್ತಿ ವ್ಯಾಪಾರಕ್ಕೆ ದಾವಣಗೆರೆಯಲ್ಲೇ ಮನೆ ಮಾಡಿಕೊಂಡಿದ್ದರಂತೆ. ಪೆಟ್ಟಿಗೆ, ಚಾಸಿ (ವಾಲ್ವ್‌ಗಳು ಕೂತಿರುವ ಲೋಹದ ತಟ್ಟೆ) ಇನ್ನೂ ದನದ ಕೊಟ್ಟಿಗೆ ಅಟ್ಟದಲ್ಲಿವೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ.

ಹಾಗಂತ ಎಲ್ಲ ಹಳೇ ಸ್ಪೀಕರೂ ಫೀಲ್ಡ್ ಕಾಯಿಲ್ ಅಲ್ಲ. ಕಹಳೆ ಆಕಾರದ್ದು ಬಂದರೆ ಜನ ಅದನ್ನು ನೂರು ವರ್ಷದ್ದು ಅಂದುಬಿಡುತ್ತಾರೆ. ನಮ್ಮ ಭಾಗದಲ್ಲಿ ಅದು ಸಾಮಾನ್ಯವಾಗಿ ಪಂಚಾಯ್ತಿ ರೇಡಿಯೊದ ಹಾರ್ನ್. ಊರ ಮಧ್ಯೆ ಕಂಬಕ್ಕೆ ಕಟ್ಟಿ ಕೃಷಿ ಕಾರ್ಯಕ್ರಮ ಕೇಳಿಸುತ್ತಿದ್ದರಲ್ಲ, ಅದು. ನೆನಪಿಗೆ ಬೆಲೆ ಜಾಸ್ತಿ, ಮಾರುಕಟ್ಟೆಯಲ್ಲಿ ಕಡಿಮೆ. 1920ರ ದಶಕದ ನಿಜವಾದ ರೇಡಿಯೊ ಹಾರ್ನ್ ಮೇಜಿನ ಮೇಲೆ ನಿಲ್ಲುವಂಥದ್ದು. ಲಂಡನ್ನಿನ ಆಂಪ್ಲಿಯನ್, ಎಸ್. ಜಿ. ಬ್ರೌನ್ ಕಂಪನಿಗಳದ್ದು ಹೆಸರುವಾಸಿ. ಅದರ ಬುಡದಲ್ಲಿ ಎರಡು ಟರ್ಮಿನಲ್, ಶಬ್ದ ಹೊಂದಿಸುವ ಒಂದು ತಿರುಪು ಇರುತ್ತದೆ. ಮೀಟರ್ ಇಟ್ಟರೆ 2000 ಓಮ್ ಆಸುಪಾಸು ತೋರಿಸಬಹುದು. ವಾಲ್ವಿನ ಕರೆಂಟ್ ನೇರವಾಗಿ ಅದರ ಕಾಯಿಲ್‌ನಲ್ಲೇ ಹರಿಯುತ್ತಿದ್ದರಿಂದ ಪ್ಲಸ್, ಮೈನಸ್ ಗುರುತು ಮುಖ್ಯ. ಉಲ್ಟಾ ಕೊಟ್ಟು ಓಡಿಸಿದರೆ ಒಳಗಿನ ಮ್ಯಾಗ್ನೆಟ್ ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಈಗಿನ ಆಂಪ್ಲಿಫೈಯರ್‌ಗೆ ಅದನ್ನು ಸಿಕ್ಕಿಸಿ "ಸೌಂಡ್ ಇಲ್ಲ" ಅನ್ನುವುದರಲ್ಲೂ ಅರ್ಥವಿಲ್ಲ, ನಡುವೆ ಟ್ರಾನ್ಸ್‌ಫಾರ್ಮರ್ ಬೇಕು.

ಫಿಲಿಪ್ಸ್ ಸೆಟ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. 9710 ಅನ್ನುವ ಸ್ಪೀಕರಿಗೆ ಈಗಲೂ ಗಿರಾಕಿಗಳಿದ್ದಾರೆ. ಆದರೆ ನಂಬರಿನ ಕೊನೆಯಲ್ಲಿ ಎಂ ಮಾತ್ರ ಇದ್ದರೆ 7 ಓಮ್, ಎಎಂ ಇದ್ದರೆ 800 ಓಮ್. ಎರಡನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೊಗೆ ಮಾಡಿದ್ದು. ಹೊರಗಿನಿಂದ ನೋಡಿದರೆ ಅವಳಿ. ರೇಡಿಯೊದಿಂದ ಕಿತ್ತು, ಅಂಟಿಸಿದ ಚೀಟಿಯೂ ಹರಿದುಹೋಗಿದ್ದರೆ ಮೀಟರೇ ಗತಿ. ಅಮೆರಿಕದ ಸ್ಪೀಕರಾದರೆ ಚೌಕಟ್ಟಿನ ಮೇಲೆ ಒತ್ತಿದ ಅಂಕಿ ನೋಡಿ. ಮೊದಲ ಮೂರು ಅಂಕಿ ತಯಾರಕರದ್ದು: 220 ಅಂದರೆ ಜೆನ್ಸನ್, 285 ರೋಲಾ, 328 ಯೂಟಾ. ಮುಂದಿನದು ವರ್ಷ ಮತ್ತು ವಾರ. ವರ್ಷಕ್ಕೆ ಎಷ್ಟೋ ಸಲ ಒಂದೇ ಅಂಕಿ ಇರುತ್ತದೆ. 4 ಅಂದರೆ 1944, 1954, 1964, ಯಾವುದೂ ಆಗಬಹುದು. ಅದನ್ನು ಬಿಡಿಸಬೇಕಾದರೆ ಮತ್ತೆ ರೇಡಿಯೊದ ಮಾಡೆಲ್ ನಂಬರ್, ವಾಲ್ವ್ ನಂಬರ್ ಬೇಕು. ಪೆಟ್ಟಿಗೆಯ ಮುಂದಿನ ಹೆಸರು ಮಾತ್ರ ಸಾಲದು. ಎಷ್ಟೋ ರೇಡಿಯೊ ಕಂಪನಿಗಳು ಸ್ಪೀಕರನ್ನು ಬೇರೆಯವರಿಂದ ಕೊಂಡು ಹಾಕುತ್ತಿದ್ದವು.

ಇನ್ನು ಕೆಂಪು ಪಾದರಸದ ಕಥೆ. ಹಳೇ ರೇಡಿಯೊ, ಟಿವಿಯಲ್ಲಿ ಕೋಟಿ ಬೆಲೆಯ ಕೆಂಪು ಪಾದರಸ ಇದೆ ಅಂತ ಮೊಬೈಲಿನಲ್ಲಿ ವಿಡಿಯೊ ಓಡಾಡುತ್ತವೆ. ಹಾಗೇನೂ ಇಲ್ಲ. ಸುಮ್ನೆ ವಾಲ್ವ್ ಒಡೆಯಬೇಡಿ. ಅದಕ್ಕೆ ಮುಂಗಡ ಕೇಳಿದವನನ್ನು ಮನೆಯೊಳಗೆ ಬಿಡಬೇಡಿ.

ಬೆಲೆ ವಿಷಯಕ್ಕೆ ಬರೋಣ. ಆನ್‌ಲೈನ್‌ನಲ್ಲಿ ಮಾರುವವರು ಹಾಕಿದ ರೇಟು ಬೆಲೆ ಅಲ್ಲ, ಅದು ಆಸೆ. ಅಂಥದೇ ಮಾಲು ಎಷ್ಟಕ್ಕೆ ಮಾರಾಟ ಆಯಿತು ಅಂತ ಹುಡುಕಬೇಕು. ಮೂಲ ಕೋನ್ ಇದ್ದರೆ ಬೆಲೆ ಏರುತ್ತದೆ. ಹೊಸ ಕೋನ್ ಹಾಕಿಸಿದರೆ, ಬಣ್ಣ ಹೊಡೆದರೆ ಇಳಿಯುತ್ತದೆ. ಅಲ್ನಿಕೊ ಮ್ಯಾಗ್ನೆಟ್ ಬಿಚ್ಚಿದರೆ ಅದರ ಬಲವೇ ಕುಗ್ಗುತ್ತದೆ, ಕುತೂಹಲಕ್ಕೂ ಬಿಚ್ಚಬಾರದು. ಒಂದೇ ತರಹದ ಜೋಡಿ ಸಿಕ್ಕರೆ ಬಿಡಿ ಎರಡಕ್ಕಿಂತ ಜಾಸ್ತಿ ಕೇಳಬಹುದು.

ನಾನು ಬಾಯಿಮಾತಿನಲ್ಲಿ ರೇಟು ಹೇಳುವುದಿಲ್ಲ. ಚೀಟಿಯಲ್ಲಿ ಬರೆಯುತ್ತೇನೆ. ಮೊದಲು ಇದು ಏನು, ಏನು ಕೆಲಸ ಮಾಡುತ್ತಿದೆ, ಏನು ಕಳೆದುಹೋಗಿದೆ. ಆಮೇಲೆ ಬೆಲೆ: ಗುಜರಿಗೆ ಎಷ್ಟು, ಬಿಡಿ ಸ್ಪೀಕರಾಗಿ ಎಷ್ಟು, ರೇಡಿಯೊ ಸಮೇತ ಎಷ್ಟು. ಅಣ್ಣತಮ್ಮಂದಿರ ನಡುವೆ ಪಾಲು ಆಗುವಾಗ ಇದು ಉಪಯೋಗಕ್ಕೆ ಬರುತ್ತದೆ. ಜಗಳೂರಿನವರಲ್ಲಿ ತಮ್ಮ ಸ್ಪೀಕರ್, ಅಣ್ಣ ಪೆಟ್ಟಿಗೆ ಅಂತ ಹಂಚಿಕೊಳ್ಳುವ ಯೋಚನೆಯಲ್ಲಿದ್ದರು. ಚೀಟಿಯಲ್ಲಿ ರೇಡಿಯೊ ಸಮೇತದ ಬೆಲೆ ನೋಡಿ ತಮ್ಮ, "ಅಣ್ಣಾ, ನೀನೇ ಇಟ್ಕೋ, ನನಗೆ ಅರ್ಧ ರೊಕ್ಕ ಕೊಡು" ಅಂದರು. ಅಣ್ಣ ಅಲ್ಲೇ ಚೌಕಾಸಿಗೆ ಇಳಿದರು, ಅದು ಬೇರೆ ಮಾತು.

ದೂರದಿಂದ ಬರುವವರು ಬರುವ ಮೊದಲು ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಸಾಕು. ರೇಡಿಯೊದ ಹಿಂಬದಿ ಹಲಗೆ ತೆಗೆದು ಒಳಗಿನದು ಪೂರ್ತಿ ಕಾಣುವ ಹಾಗೆ ಒಂದು, ಚಾಸಿ ಮೇಲಿನ ಪಟ್ಟಿಯದ್ದು ಒಂದು, ಸ್ಪೀಕರಿನ ಅಂಕಿಗಳದ್ದು ಒಂದು, ವೈರ್ ಎಲ್ಲೆಲ್ಲಿಗೆ ಹೋಗಿದೆ ಅನ್ನುವುದಕ್ಕೆ ಇನ್ನೊಂದು. ಪೋಸ್ಟಾಫೀಸಿನ ಹಳೇ ರೇಡಿಯೊ ಲೈಸೆನ್ಸ್ ಪುಸ್ತಕ ಟ್ರಂಕಿನಲ್ಲಿದ್ದರೆ ಅದನ್ನೂ ಹುಡುಕಿ. ರೇಡಿಯೊದ ಪ್ಲಗ್ ಮಾತ್ರ ಹಾಕಬೇಡಿ, ಒಳಗಿನ ಹಳೇ ಕೆಪಾಸಿಟರ್‌ಗಳನ್ನು ನೋಡದೆ ನಾನೂ ಹಾಕುವುದಿಲ್ಲ.