ಮೆಲನೋಮ: ಅಗಲವಾಗಿ ಕತ್ತರಿಸುವ ಮೊದಲೇ ಗಂಟಿನ ಬಯಾಪ್ಸಿ ಬಗ್ಗೆ ಕೇಳಿ

ಮೆಲನೋಮ ಅಂದರೆ ಬಿಳಿ ತೊಗಲಿನವರಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮವರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಬುಡದಲ್ಲಿ. ನವಲಗುಂದ, ರೋಣ, ಶಿಗ್ಗಾವಿ ಕಡೆ ಬರಿಗಾಲಲ್ಲಿ ಹೊಲ ತಿರುಗುವವರ ಕಾಲಲ್ಲಿ ಕಪ್ಪು ಕಲೆ ಕಂಡರೆ ಜೋಳದ ಕೂಳೆ ಚುಚ್ಚಿದ್ದು, ಇಲ್ಲವೇ ಆಣಿ ಎಂದು ಬ್ಲೇಡಿನಿಂದ ಹೆರೆದುಬಿಡುತ್ತಾರೆ. ದಯವಿಟ್ಟು ಹೆರೆಯಬೇಡಿ. ರೋಗ ತಡವಾಗಿ ಗೊತ್ತಾಗುತ್ತದೆ, ಜೊತೆಗೆ ಗಡ್ಡೆಯ ನಿಜವಾದ ದಪ್ಪವೂ ಸಿಗದೆ ಹೋಗುತ್ತದೆ.

ಆ ದಪ್ಪದ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಂತಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಬ್ರೆಸ್ಲೋ’ ಎಂದು ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಪಕ್ಕದಲ್ಲೇ ಹುಣ್ಣಾಗಿದೆಯೇ ಇಲ್ಲವೇ ಎಂಬುದೂ ಇರಬೇಕು. 0.8 ಮಿ.ಮೀ.ಗಿಂತ ತೆಳುವಾಗಿ, ಹುಣ್ಣಿಲ್ಲದಿದ್ದರೆ ಸಾಮಾನ್ಯವಾಗಿ ಲಿಂಫ್ (ದುಗ್ಧರಸ) ಗಂಟಿನ ಬಯಾಪ್ಸಿ, ಅಂದರೆ ಕ್ಯಾನ್ಸರ್ ಅಲ್ಲಿಗೆ ಹಬ್ಬಿದೆಯೇ ಎಂದು ಗಂಟು ತೆಗೆದು ನೋಡುವುದು, ಬೇಡ. 0.8ರಿಂದ 1 ಮಿ.ಮೀ. ಇದ್ದರೆ, ಅಥವಾ ತೆಳುವಿದ್ದರೂ ಹುಣ್ಣಾಗಿದ್ದರೆ, ಡಾಕ್ಟರ ಜೊತೆ ಕೂತು ಮಾತಾಡಿ ನಿರ್ಧರಿಸಬೇಕು. 1 ಮಿ.ಮೀ. ದಾಟಿದರೆ ಮಾಡಿಸುವುದೇ ಒಳ್ಳೆಯದು.

ಇಲ್ಲಿ ಆಗುವ ದೊಡ್ಡ ತಪ್ಪು ಕೆಲಸದ ಸರದಿಯದು. ಗಡ್ಡೆಯ ಸುತ್ತ 1 ಅಥವಾ 2 ಸೆಂ.ಮೀ. ಬಿಟ್ಟು ಅಗಲವಾಗಿ ಕತ್ತರಿಸಿ, ಚರ್ಮದ ಕಸಿಯನ್ನೂ ಮಾಡಿ, ಆಮೇಲೆ ಗಂಟಿನ ಬಯಾಪ್ಸಿಗೆ ಕಳಿಸುತ್ತಾರೆ. ಅಷ್ಟೊತ್ತಿಗೆ ದುಗ್ಧರಸ ಹರಿಯುವ ದಾರಿಗಳೇ ಕಡಿದುಹೋಗಿರುತ್ತವೆ, ಮೊದಲು ಮುಟ್ಟುವ ಗಂಟು ಯಾವುದೆಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಎರಡೂ ಒಂದೇ ಆಪರೇಷನ್‌ನಲ್ಲಿ ಆಗಬೇಕು, ಅದರಲ್ಲೂ ಗಂಟು ಹುಡುಕುವುದು ಮೊದಲು. ಹುಬ್ಬಳ್ಳಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಕ್ಯಾನ್ಸರ್ ಸರ್ಜನ್ ಹತ್ತಿರ ಕೇಳಿ: ಗಾಮಾ ಪ್ರೋಬ್ (ವಿಕಿರಣ ಪತ್ತೆಹಚ್ಚುವ ಕೈ ಉಪಕರಣ) ಇದೆಯೇ, ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನ್ ಎಲ್ಲಿ ಮಾಡಿಸುತ್ತೀರಿ?

ಹುಡುಕುವ ಬಗೆ ಹೀಗೆ. ಮಲಪ್ರಭಾ ಕಾಲುವೆಯ ನೀರು ಮೊದಲು ಮುಟ್ಟುವ ಹೊಲದಂತೆ, ಗಡ್ಡೆಯ ಜಾಗದ ರಸ ಮೊದಲು ಸೇರುವ ಗಂಟೊಂದು ಇರುತ್ತದೆ. ಆಪರೇಷನ್ ದಿನ ಬೆಳಿಗ್ಗೆ ಅಥವಾ ಹಿಂದಿನ ದಿನ, ಗಾಯದ ಸುತ್ತ ಚರ್ಮದೊಳಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಬೆರೆಸಿದ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಇದರ ವಿಕಿರಣ ಪ್ರತಿ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ, ಹೆದರಬೇಕಿಲ್ಲ. ಅಂಗಾಲಿನದು ಹೆಚ್ಚಾಗಿ ತೊಡೆಸಂದಿಗೆ ಹೋಗುತ್ತದೆ, ಆದರೆ ಕೆಲವರಲ್ಲಿ ಮೊಣಕಾಲ ಹಿಂದಿನ ಗಂಟಿಗೂ ಹೋಗುತ್ತದೆ. ಸ್ಕ್ಯಾನ್ ಮಾಡದೆ ತೊಡೆಸಂದಿಗೆ ಕೈ ಹಾಕಿದರೆ ತಪ್ಪಿಹೋಗುವುದು ಅದೇ. ಅರಿವಳಿಕೆ ಕೊಟ್ಟ ಮೇಲೆ ನೀಲಿ ಬಣ್ಣವನ್ನೂ ಚುಚ್ಚಿ ಐದು ನಿಮಿಷ ತಿಕ್ಕುತ್ತಾರೆ. ಪ್ರೋಬ್ ಸದ್ದು ಮಾಡಿದ ಕಡೆ ಸಣ್ಣದಾಗಿ ಕೊಯ್ದು, ನೀಲಿಯಾದ ಗಂಟುಗಳನ್ನೂ, ಅತಿ ಹೆಚ್ಚು ವಿಕಿರಣದ ಎಣಿಕೆ ತೋರಿಸಿದ ಗಂಟಿನ ಶೇ. 10ಕ್ಕಿಂತ ಹೆಚ್ಚು ಎಣಿಕೆ ಇರುವ ಎಲ್ಲವನ್ನೂ ತೆಗೆಯುತ್ತಾರೆ. ಮರುದಿನ ಮೂತ್ರ ಹಸಿರು-ನೀಲಿ ಬಂದರೆ ಗಾಬರಿ ಬೇಡ.

ಗಂಟು ಮೊದಲೇ ಕೈಗೆ ಸಿಗುತ್ತಿದ್ದರೆ ದಾರಿ ಬೇರೆ. ಕಾಲೊಡಕು, ನಂಜಿನಿಂದಲೂ ತೊಡೆಸಂದಿನ ಗಂಟು ಊದುತ್ತದೆ; ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಪೆಟ್ ಸ್ಕ್ಯಾನ್ ಮಾಡಿಸಿದ್ದೇವಲ್ಲ ಎನ್ನುವವರಿದ್ದಾರೆ. ಒಂದೆರಡು ಮಿಲಿಮೀಟರಿನ ಕ್ಯಾನ್ಸರ್ ಅದಕ್ಕೆ ಕಾಣುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಅವಸರದ ಫ್ರೋಜನ್ ಸೆಕ್ಷನ್ (ಗಂಟನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವುದು) ಕೂಡ ಬೇಡ, ಅದರಲ್ಲಿ ಸಣ್ಣ ಗುಂಪುಗಳು ಕೈತಪ್ಪುತ್ತವೆ. ಗಂಟನ್ನು ಫಾರ್ಮಲಿನ್‌ನಲ್ಲಿಟ್ಟು, ಹಲವು ಮಟ್ಟದಲ್ಲಿ ಕತ್ತರಿಸಿ, ಎಸ್-100, ಸಾಕ್ಸ್-10, ಮೆಲಾನ್-ಎ ಎಂಬ, ಮೆಲನೋಮ ಕೋಶಗಳನ್ನು ಎತ್ತಿ ತೋರಿಸುವ ಬಣ್ಣಗಳಲ್ಲಿ ನೋಡಬೇಕು. ರಿಪೋರ್ಟಿಗೆ ಕೆಲವು ದಿನ ಹಿಡಿಯುವುದು ಇದಕ್ಕೇ.

‘ನೆಗೆಟಿವ್’ ಬಂದರೆ ನಿಟ್ಟುಸಿರು ಬಿಡಬಹುದು, ತಪಾಸಣೆ ಬಿಡಬಾರದು. ಗಂಟಿನ ಬಯಾಪ್ಸಿ ಕುರಿತು 2014ರಲ್ಲಿ ಪ್ರಕಟವಾದ ಎಂಎಸ್‌ಎಲ್‌ಟಿ-1 ಅಧ್ಯಯನದಲ್ಲಿ 1.2ರಿಂದ 3.5 ಮಿ.ಮೀ. ದಪ್ಪದವರ ಪೈಕಿ, ಗಂಟು ನೆಗೆಟಿವ್ ಇದ್ದವರಲ್ಲಿ 10 ವರ್ಷದ ನಂತರ ಮೆಲನೋಮದಿಂದ ಸಾಯದೆ ಉಳಿದವರು ಶೇ. 85.1, ಪಾಸಿಟಿವ್ ಇದ್ದವರಲ್ಲಿ ಶೇ. 62.1. ಬಯಾಪ್ಸಿ ಅಪಾಯವನ್ನು ಅಳೆಯುತ್ತದೆ, ರೋಗವನ್ನು ಗುಣಪಡಿಸುವುದಿಲ್ಲ.

ಪಾಸಿಟಿವ್ ಬಂದವರಿಗೆ ಮೊದಲೆಲ್ಲ ಆ ಭಾಗದ ಗಂಟುಗಳನ್ನು ಪೂರ್ತಿ ತೆಗೆದುಬಿಡುತ್ತಿದ್ದರು. 2017ರ ಮುಂದಿನ ಅಧ್ಯಯನ ಎಂಎಸ್‌ಎಲ್‌ಟಿ-2 ಆ ಪದ್ಧತಿಯನ್ನೇ ಬದಲಿಸಿತು: ತೆಗೆದವರಲ್ಲೂ, ಅಲ್ಟ್ರಾಸೌಂಡ್‌ನಿಂದ ಕಾದು ನೋಡಿದವರಲ್ಲೂ 3 ವರ್ಷಕ್ಕೆ ಮೆಲನೋಮದಿಂದ ಸಾಯದವರ ಪ್ರಮಾಣ ಒಂದೇ, ಶೇ. 86. ಆದರೆ ಕೈಕಾಲಿಗೆ ಬಾವು ಬಂದದ್ದು ಗಂಟು ತೆಗೆದವರಲ್ಲಿ ಶೇ. 24.1, ಉಳಿದವರಲ್ಲಿ ಶೇ. 6.3. ಹೊಲದ ಕೆಲಸ ನಂಬಿದವರಿಗೆ ಬಾವು ಬಂದ ಕಾಲು ಸಣ್ಣ ತೊಂದರೆಯಲ್ಲ. ಗಂಟಿನೊಳಗಿನ ಕ್ಯಾನ್ಸರ್ 1 ಮಿ.ಮೀ.ಗಿಂತ ದೊಡ್ಡದಿದ್ದರೆ ಒಂದು ವರ್ಷದ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ) ಬಗ್ಗೆ ವಿಚಾರಿಸಿ. ಅದು ತುಟ್ಟಿ, ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಿ.

ಮರುಕಳಿಸುವುದು ಹೆಚ್ಚಾಗಿ ಮೊದಲ 3 ವರ್ಷಗಳಲ್ಲಿ. ಎಂಎಸ್‌ಎಲ್‌ಟಿ-2 ಅಧ್ಯಯನದಲ್ಲಿ ಗಂಟಿನ ಅಲ್ಟ್ರಾಸೌಂಡ್ ಮಾಡಿದ್ದು ಮೊದಲ 2 ವರ್ಷ 4 ತಿಂಗಳಿಗೊಮ್ಮೆ, 5ನೇ ವರ್ಷದವರೆಗೆ 6 ತಿಂಗಳಿಗೊಮ್ಮೆ. ನಡುವೆ ತಿಂಗಳಿಗೊಮ್ಮೆ ನೀವೇ ನೋಡಿಕೊಳ್ಳಿ: ಮಲಗಿ, ಮೊಣಕಾಲು ಸ್ವಲ್ಪ ಮಡಚಿ, ಮೂರು ಬೆರಳಿನಿಂದ ತೊಡೆಸಂದು ಒತ್ತಿ, ಆಮೇಲೆ ಗಾಯದಿಂದ ಸಂದಿನವರೆಗೆ ಕಾಲುದ್ದ ಕೈಯಾಡಿಸಿ. ದಾರಿಯಲ್ಲಿ ಕಾಳಿನಷ್ಟು ಗಟ್ಟಿ ಉಬ್ಬು, ಅದು ಚರ್ಮದ ಬಣ್ಣದ್ದೇ ಆಗಿದ್ದರೂ ಸರಿ, ಸಿಕ್ಕರೆ ಮುಂದಿನ ತಪಾಸಣೆಗೆ ಕಾಯದೆ ಹೋಗಿ. ಹೋಗುವಾಗ ಹಳೆಯ ಪ್ಯಾರಾಫಿನ್ ಬ್ಲಾಕು (ಮೇಣದಲ್ಲಿಟ್ಟ ಬಯಾಪ್ಸಿ ತುಣುಕು), ಸ್ಲೈಡುಗಳು ಯಾವ ಲ್ಯಾಬಿನಲ್ಲಿವೆ, ಅವುಗಳ ನಂಬರೇನು ಎಂಬುದು ಫೈಲಿನಲ್ಲಿರಲಿ. ಔಷಧ ಆರಿಸಲು ಮಾಡುವ ಬಿರಾಫ್, ಕಿಟ್ ಜೀನ್ ಪರೀಕ್ಷೆಗೆ ಅದೇ ಬ್ಲಾಕು ಬೇಕಾಗಬಹುದು.