‘ಅದೇ ಮಷಿನ್ ಅಲ್ವಾ, ನಮ್ಮ ಮಗು ಯಾಕೆ ಮಾತಾಡ್ತಿಲ್ಲ?’

ಕಿವಿ ಕೇಳಿಸದವರಿಗೆ ಆಪರೇಷನ್ ಮಾಡಿ ಕೂರಿಸುವ ಮಷಿನ್ ಕಾಕ್ಲಿಯರ್ ಇಂಪ್ಲಾಂಟ್. ಅದು ಆದ ಮಕ್ಕಳಿಗೆ ಮ್ಯಾಪಿಂಗ್ ಮಾಡುವುದು, ಅಂದರೆ ಮಗುವಿಗೆ ತಕ್ಕಂತೆ ಮಷಿನ್ ಹೊಂದಿಸುವುದು, ನನ್ನ ಕೆಲಸ. ಈ ಪ್ರಶ್ನೆ ಬಾರದ ವಾರವಿಲ್ಲ. ‘ಅವರ ಮಗುವಿಗೂ ಇದೇ ಹಾಕಿದ್ದು, ಪಟಪಟ ಮಾತಾಡುತ್ತೆ’ ಅಂತ ಮಗುವಿನ ಎದುರೇ ಹೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಇನ್ನು ಓದಿಕೊಳ್ಳಿ.

ಮಷಿನ್ ಒಂದೇ, ನಿಜ. ಅದು ಶಬ್ದವನ್ನು ವಿದ್ಯುತ್ ಮಿಡಿತವಾಗಿಸಿ, ಒಳಕಿವಿಗೆ ತೂರಿಸಿದ ತಂತಿಯ ಮೇಲಿನ 12ರಿಂದ 22 ಎಲೆಕ್ಟ್ರೋಡ್‌ಗಳ ಮೂಲಕ ಶ್ರವಣ ನರಕ್ಕೆ ಮುಟ್ಟಿಸುತ್ತದೆ. ಮುಂದಿನದು ನರ ಮತ್ತು ಮಿದುಳಿನ ಪಾಲು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ನರ ತೆಳು. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆದ ಕೆಲವರಿಗೆ ಒಳಕಿವಿಯ ಶಂಖದಂಥ ಭಾಗವಾದ ಕಾಕ್ಲಿಯಾದೊಳಗೆ ಮೂಳೆ ಬೆಳೆದು ಎಲೆಕ್ಟ್ರೋಡ್ ಪೂರ್ತಿ ಹೋಗಿರುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಇಂಪ್ಲಾಂಟ್ ಆದ ಮಗುವಿನ ಪಕ್ಕ 6 ವರ್ಷಕ್ಕೆ ಆದ ಮಗುವನ್ನು ನಿಲ್ಲಿಸಿ ಹೋಲಿಸಿದರೆ ನನಗೆ ಸಿಟ್ಟೇ ಬರುತ್ತದೆ. ಹುಟ್ಟಿನಿಂದ ಕೇಳಿಸದ ಮಿದುಳು ಶಬ್ದಕ್ಕೆ ಸುಲಭವಾಗಿ ಒಗ್ಗುವುದು ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಮಾತು ಕಲಿತ ಮೇಲೆ ಕಿವಿ ಹೋದ ದೊಡ್ಡವರ ಲೆಕ್ಕ ಬೇರೆ: ಎಷ್ಟು ವರ್ಷ ಕೇಳಿಸದೆ ಕಳೆದರು ಎನ್ನುವುದು ಅಲ್ಲಿ ಮುಖ್ಯ.

ಒಮ್ಮೆ ಒಂದು ಮಗುವಿನ ಅಪ್ಪ ಅಮ್ಮ ‘ಇಡೀ ದಿನ ಹಾಕಿರ್ತೀವಿ ಮೇಡಂ’ ಅಂದರು. ಮಗು ಎಷ್ಟು ಹೊತ್ತು ಹಾಕಿತ್ತೆಂದು ಪ್ರೊಸೆಸರ್, ಅಂದರೆ ಮಷಿನ್ನಿನ ಹೊರಗೆ ಹಾಕುವ ಭಾಗ, ತಾನೇ ಬರೆದಿಟ್ಟುಕೊಳ್ಳುತ್ತದೆ. ಪರದೆಯಲ್ಲಿ ದಿನಕ್ಕೆ 3 ಗಂಟೆಯೂ ಇರಲಿಲ್ಲ. ಹಿಂದೆ ಕೂತಿದ್ದ ಅಜ್ಜಿ ಮೆಲ್ಲಗೆ ಅಂದರು, ‘ಆಡುವಾಗ ಬಿದ್ದು ಒಡೆದರೆ ಏನು ಗತಿ? ನಾನೇ ಬೀರುವಿನಲ್ಲಿ ಎತ್ತಿಡ್ತೀನಿ.’ ಅವರನ್ನು ಹೇಗೆ ಬೈಯಲಿ? ಮಗು ಅತಿ ಹೆಚ್ಚು ಕಲಿಯುವುದೇ ಆಡುವಾಗ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

‘ಮನೆಯಲ್ಲಿ ನಾವೇನು ಮಾಡಬೇಕು?’ ಎಂದು ಕೇಳಿ, ಎಷ್ಟು ಹೊತ್ತಾದರೂ ಕೂತು ಹೇಳುತ್ತೇನೆ. ಎದ್ದಾಗಿನಿಂದ ಮಲಗುವವರೆಗೆ ಹಾಕಿರಿ. ತಲೆಗೆ ಆಯಸ್ಕಾಂತದಿಂದ ಅಂಟುವ ಕಾಯಿಲ್ ಕಿತ್ತು ಬಿದ್ದರೆ ಮತ್ತೆ ಅಂಟಿಸಿ, ನೂರು ಸಲವಾದರೂ. ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವುದು ಇಂಪ್ಲಾಂಟ್‌ಗೆ ಕಷ್ಟ, ಹಾಗಾಗಿ ಟಿವಿ ಆರಿಸಿ ಹತ್ತಿರ ಕೂತು ಮಾತಾಡಿ. ಬಟ್ಟೆ ಹಾಕುವಾಗ ‘ಕೈ ಎಲ್ಲಿ? ಈ ಕಡೆ ತೂರಿಸು’ ಅನ್ನುತ್ತಿರಿ. ಮ್ಯಾಪಿಂಗ್ ತಪ್ಪಿಸಬೇಡಿ. ಮಗುವಿಗೆ 4 ವರ್ಷವಾಗಿರಬಹುದು, ಮಷಿನ್ ಮೊದಲ ಸಲ ಸ್ವಿಚ್ ಆನ್ ಆಗಿ 8 ತಿಂಗಳಾಗಿದ್ದರೆ ಕೇಳುವುದರಲ್ಲಿ ಅದಿನ್ನೂ 8 ತಿಂಗಳ ಕೂಸು.

ನರ ದುರ್ಬಲವಾಗಿರುವ ಮಗುವಿಗೆ ಸನ್ನೆ ಭಾಷೆಯನ್ನೂ ಜೊತೆಗೇ ಶುರು ಮಾಡಿ. ಮಾತು ಬರುತ್ತೋ ನೋಡೋಣ ಅಂತ ವರ್ಷಗಟ್ಟಲೆ ಕಾಯಿಸಬೇಡಿ. ಹಸಿವು, ನೋವು, ಭಯ ಹೇಳಿಕೊಳ್ಳಲು ಅದಕ್ಕೊಂದು ಭಾಷೆ ಇವತ್ತೇ ಬೇಕು.