ನಲವತ್ತು ಸೆಂಟಿಮೀಟರ್ ಬಿದ್ದರೂ ಶನಿವಾರ ಬೇಡ

ಫೆಬ್ರವರಿ 5, 2026, ಗುರುವಾರ
ರಾತ್ರಿ 10.40

ಬ್ಯಾಗ್ ಅರ್ಧ ತುಂಬಿ ಹಾಗೇ ಬಿದ್ದಿದೆ. ಸೋಮವಾರದಿಂದ ನಾನೂ ತಂಗಿಯೂ ಒಂದೇ ವಿಷಯಕ್ಕೆ ಕಿತ್ತಾಡುತ್ತಿದ್ದೇವೆ. ಬೆಟ್ಟಕ್ಕೆ ಹೋಗುವುದು ಶನಿವಾರವೋ, ಭಾನುವಾರವೋ? ನಮಗೆ ಸಿಗುವುದು ಒಂದೇ ದಿನ. ಅವಳದು ಸ್ನೋಬೋರ್ಡ್, ಎರಡೂ ಕಾಲು ಒಂದೇ ಹಲಗೆಗೆ. ನನ್ನದು ಸ್ಕೀ, ಕಾಲಿಗೊಂದು ಪಟ್ಟಿ. ಅರ್ಧ ಗಂಟೆ ಹಿಂದೆ ಅಂತೂ ತೀರ್ಮಾನ ಆಯಿತು. ಭಾನುವಾರ. ಯಾಕೆ ಅಂತ ಇಲ್ಲಿ ಬರೆದಿಡುತ್ತೇನೆ. ತಪ್ಪಾದರೆ ಇದನ್ನೇ ತೋರಿಸಿ ಬೈಯಲಿಕ್ಕೆ ಅವಳಿಗೂ ಅನುಕೂಲ.

ಗಲಾಟೆ ಶುರುವಾಗಿದ್ದು ತಂಗಿ ಕಳಿಸಿದ ಹವಾಮಾನ ಆ್ಯಪ್‌ನ ಒಂದು ಸ್ಕ್ರೀನ್‌ಶಾಟ್‌ನಿಂದ. ಶನಿವಾರದ ಕೆಳಗೆ ಹಿಮದ ಚಿತ್ರ, ಪಕ್ಕದಲ್ಲಿ 40 ಸೆಂಟಿಮೀಟರ್. "ಅಣ್ಣಾ, ರಜೆ ಹಾಕೋದೂ ಬೇಡ, ಸರಿಯಾಗಿ ಶನಿವಾರಾನೇ ಬೀಳ್ತಿದೆ" ಅಂತ ಒಂದು ಸಾಲು. ಹಿಂದಿನ ವಾರ ಇದೇ ಆ್ಯಪ್ ಇದೇ ದಿನಕ್ಕೆ 90 ಅಂದಿತ್ತು. ಅದಕ್ಕೂ ಮೂರು ದಿನ ಮುಂಚೆ ಸೊನ್ನೆ.

ಆ್ಯಪ್ ಅನ್ನು ಬೈದು ಪ್ರಯೋಜನ ಇಲ್ಲ. ಇಂಥ ಅಂಕಿಗಳು ಬರುವುದು ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳಿಂದ. ಅಮೆರಿಕದ ಜಿಎಫ್‌ಎಸ್ ಅನ್ನೋ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತದೆ, ಪ್ರತಿ ಸಲವೂ 16 ದಿನದವರೆಗೆ ಲೆಕ್ಕ ಹಾಕುತ್ತದೆ. ಲೆಕ್ಕ ಹಾಕಿತು ಅಂದ ಮಾತ್ರಕ್ಕೆ ಹನ್ನೆರಡನೇ ದಿನದ ಸೆಂಟಿಮೀಟರ್ ನಂಬಬೇಕು ಅಂತೇನಿಲ್ಲ. ಅದನ್ನು ನೋಡಿ ರೂಮ್ ಬುಕ್ ಮಾಡುವುದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಒಂದು ವಾರಕ್ಕಿಂತ ಆಚೆ ನಾನು ನೋಡುವುದು ಒಂದೇ: ಏನಾದರೂ ಬರುವ ಲಕ್ಷಣ ಇದೆಯಾ, ಇಲ್ಲವಾ. ಐದು ದಿನ ಉಳಿದಾಗ ಯುರೋಪಿನ ಮಾಡೆಲ್ ಮತ್ತು ಜಿಎಫ್‌ಎಸ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಯುರೋಪಿನವರು ಆರಂಭದ ಲೆಕ್ಕವನ್ನು ಸ್ವಲ್ಪ ಸ್ವಲ್ಪ ಬದಲಿಸಿ 50 ಸಲ ಓಡಿಸಿ ನೋಡುತ್ತಾರೆ. ಆ ಐವತ್ತು ಗೆರೆಗಳು ಒಂದೇ ಕಡೆ ಗುಂಪುಗೂಡಿದ್ದರೆ ಸ್ವಲ್ಪ ಧೈರ್ಯ. ಒಂದೊಂದು ಒಂದೊಂದು ದಿಕ್ಕಿಗೆ ಓಡುತ್ತಿದ್ದರೆ ಸುಮ್ನೆ ಫೋನ್ ಮುಚ್ಚಿಡುವುದೇ ವಾಸಿ. ಗಂಟೆ ಲೆಕ್ಕ, ಗಾಳಿಯ ಲೆಕ್ಕ ಎಲ್ಲ ಕೊನೆಯ ಎರಡು ಮೂರು ದಿನದ ಮಾತು.

ಇನ್ನೊಂದು ವಿಷಯ ತಂಗಿಗೆ ಎಷ್ಟು ಸಲ ಹೇಳಿದರೂ ಹಿಡಿಸಲ್ಲ. ಈ ಮಾಡೆಲ್‌ಗಳು ಭೂಮಿಯನ್ನು ಚೌಕ ಚೌಕವಾಗಿ ನೋಡುತ್ತವೆ. ಯುರೋಪಿನದಕ್ಕೆ ಒಂದು ಚೌಕ ಸುಮಾರು 9 ಕಿಲೋಮೀಟರ್, ಜಿಎಫ್‌ಎಸ್‌ಗೆ ಸುಮಾರು 13. ಇಡೀ ಸ್ಕೀ ರೆಸಾರ್ಟ್, ಅದರ ಶಿಖರ, ಪಾರ್ಕಿಂಗ್, ಪಕ್ಕದ ಕಣಿವೆ ಎಲ್ಲ ಅದರೊಳಗೇ ಮಾಯ. ಮಾಡೆಲ್ ಕಣ್ಣಿಗೆ ನಮ್ಮ ಬೆಟ್ಟ ಒಂದು ಬೋಳು ದಿಬ್ಬ. ಅದಕ್ಕೇ ಎತ್ತರ ಆರಿಸಿಕೊಳ್ಳಲು ಬಿಡುವ ಮುನ್ಸೂಚನೆಯನ್ನೇ ತೆರೆಯುತ್ತೇನೆ: ಬುಡಕ್ಕೊಂದು, ಮಧ್ಯಕ್ಕೊಂದು, ತುದಿಗೊಂದು.

ಎರಡು ಚಳಿಗಾಲದ ಹಿಂದೆ ಹೀಗೇ ಒಂದು "40" ನಂಬಿ ಹೋಗಿದ್ದೆವು. ಹಿಮ ಬಿತ್ತು, ಇಲ್ಲ ಅನ್ನಲ್ಲ. ಆದರೆ ಬಿದ್ದದ್ದು ಮೇಲೆ. ಕೆಳಗೆ ಪಾರ್ಕಿಂಗ್‌ನಲ್ಲಿ ಧಾರಾಕಾರ ಮಳೆ. ತಂತಿಗೆ ತೂಗುವ ಕುರ್ಚಿಯಲ್ಲಿ ಬೆಟ್ಟ ಹತ್ತಿಸುವ ಲಿಫ್ಟ್‌ಗಳಲ್ಲಿ ಮೇಲಿನ ಮೂರೂ ಗಾಳಿಗೆ ಬಂದ್. ಬಂದವರೆಲ್ಲ ಕೆಳಗಿನ ಒಂದೇ ಚೇರ್‌ಲಿಫ್ಟ್ ಮುಂದೆ ಸಾಲು ನಿಂತರು. ಬೋರ್ಡ್‌ನಲ್ಲಿ "ಗಾಳಿಯ ಕಾರಣ ತಡ" ಅಂತ ಕೆಂಪು ಅಕ್ಷರ, ಬೆಳಗ್ಗೆ ಎಂಟಕ್ಕೂ ಅದೇ, ಮಧ್ಯಾಹ್ನ ಎರಡಕ್ಕೂ ಅದೇ. ತಂಗಿಯ ಕೈಗವಸು ಹಿಂಡಿದರೆ ನೀರು ಸುರಿಯುತ್ತಿತ್ತು. ಹಿಂಡಿದಳು, ಮತ್ತೆ ಹಾಕಿಕೊಂಡಳು, ಮತ್ತೆ ಹಿಂಡಿದಳು. ರೂಮಿನ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ, ಅದಕ್ಕೇ ಹಠ ಹಿಡಿದು ನಿಂತಿದ್ದೆವು. ಆ ದಿನದ ವರದಿಯಲ್ಲಿ ರೆಸಾರ್ಟ್ ಬರೆದುಕೊಂಡದ್ದು "ಹೊಸ ಹಿಮ 38 ಸೆಂಟಿಮೀಟರ್". ಸುಳ್ಳೇನಲ್ಲ. ನಮಗೆ ಮಾತ್ರ ಒಂದು ಸೆಂಟಿಮೀಟರೂ ಸಿಗಲಿಲ್ಲ.

ಅವತ್ತಿನಿಂದ ನಾನು ಮೊದಲು ನೋಡುವುದು ಸೆಂಟಿಮೀಟರ್ ಅಲ್ಲ, ಸೊನ್ನೆ ಗೆರೆ. ಅಂದರೆ ಗಾಳಿ ಯಾವ ಎತ್ತರದಲ್ಲಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ ಅನ್ನೋದು. ಸರಾಸರಿ ಹೇಳುವುದಾದರೆ ಸಾವಿರ ಮೀಟರ್ ಹತ್ತಿದರೆ 6.5 ಡಿಗ್ರಿ ಕಡಿಮೆಯಾಗುತ್ತದೆ. ಹಿಮ ಸೊನ್ನೆ ಗೆರೆ ದಾಟಿದ ಕೂಡಲೇ ಕರಗಿಬಿಡುವುದಿಲ್ಲ, ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಬರುತ್ತದೆ. ಒಣ ಗಾಳಿಯಿದ್ದರೆ, ಇಲ್ಲವೇ ಜೋರಾಗಿ ಸುರಿದರೆ, ಇನ್ನೂ ಕೆಳಗೆ. ಈಗ ನಮ್ಮ ಬೆಟ್ಟದ ಲೆಕ್ಕ. ಬುಡ 1500 ಮೀಟರ್, ತುದಿ 2600. ಶುಕ್ರವಾರ ರಾತ್ರಿ ಸೊನ್ನೆ ಗೆರೆ 1900ರಲ್ಲಿ. ಅಂದರೆ 1600, 1700ರ ಕೆಳಗೆ ಮಳೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೋಲ್ಡ್ ಫ್ರಂಟ್, ಅಂದರೆ ತಣ್ಣನೆ ಗಾಳಿಯ ಮುಂಚೂಣಿ, ದಾಟುತ್ತದೆ, ಹಿಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ, ಗೆರೆ 900ಕ್ಕೆ ಬೀಳುತ್ತದೆ. ಆಮೇಲೆ ಎಲ್ಲ ಕಡೆ ಹಿಮ.

"ಹಾಗಾದರೆ ಮರಗಳ ನಡುವೆ ಆಡೋಣ" ಅಂದಳು ತಂಗಿ. ಒಳ್ಳೆಯ ವಾದವೇ. ಹಿಮ ಸುರಿಯುವಾಗ ಮೇಲಿನ ಬಯಲಲ್ಲಿ ಆಕಾಶ ಯಾವುದು ನೆಲ ಯಾವುದು ಗೊತ್ತಾಗಲ್ಲ, ಎಲ್ಲ ಒಂದೇ ಬಿಳುಪು. ನಿಂತಿದ್ದೀಯೋ ಜಾರುತ್ತಿದ್ದೀಯೋ ಅನ್ನೋದೇ ತಿಳಿಯದೆ ಹೊಟ್ಟೆ ತೊಳೆಸುತ್ತದೆ. ಮರಗಳಿದ್ದರೆ ಕಣ್ಣಿಗೊಂದು ಆಸರೆ, ಗಾಳಿಗೂ ತಡೆ. ಆದರೆ ಈ ಬೆಟ್ಟದಲ್ಲಿ ಮರ ಇರುವುದು 1950 ಮೀಟರ್ ಎತ್ತರದವರೆಗೆ ಮಾತ್ರ. ಅರ್ಧ ದಿನ ಒದ್ದೆ ಹಿಮ ಬೀಳುವುದೂ ಸರಿಯಾಗಿ ಅಲ್ಲೇ. ಅವಳು ನಕ್ಷೆಯ ಮೇಲೆ ಬೆರಳಿಟ್ಟು ಎತ್ತರದ ಗೆರೆ ಎಣಿಸಿದಳು. ಮತ್ತೆ ಎಣಿಸಿದಳು. ಸುಮ್ಮನಾದಳು.

ಎರಡನೆಯದು ಗಾಳಿ. ಮೊಬೈಲ್‌ನ ಮೊದಲ ಪುಟದಲ್ಲಿ ಕಾಣುವುದು ಕಣಿವೆಯ ಗಾಳಿ, ಅದು ಯಾವ ಲೆಕ್ಕಕ್ಕೂ ಇಲ್ಲ. ನನಗೆ ಬೇಕಾದ್ದು ತುದಿಯ ಗಾಳಿ, ಅದರಲ್ಲೂ ರಭಸವಾಗಿ ಬೀಸುವ ಗಸ್ಟ್. ಶನಿವಾರ ಬೆಳಗ್ಗೆ 2600 ಮೀಟರ್‌ನಲ್ಲಿ ಗಂಟೆಗೆ 85 ಕಿಲೋಮೀಟರ್ ಅಂತ ತೋರಿಸುತ್ತಿದೆ. ಇಷ್ಟಕ್ಕೆ ಲಿಫ್ಟ್ ನಿಲ್ಲುತ್ತದೆ ಅಂತ ಎಲ್ಲ ಕಡೆಗೂ ಒಪ್ಪುವ ಒಂದು ಅಂಕಿ ಇಲ್ಲ. ಲಿಫ್ಟ್ ಯಾವ ಥರದ್ದು, ಎಷ್ಟು ಬಯಲಲ್ಲಿದೆ, ಗಾಳಿ ತಂತಿಯ ಉದ್ದಕ್ಕೆ ಬೀಸುತ್ತಾ ಅಡ್ಡ ಬೀಸುತ್ತಾ ಅನ್ನೋದರ ಮೇಲೆ ಹೋಗುತ್ತದೆ. ಅಡ್ಡಗಾಳಿಗೆ ಖಾಲಿ ಕುರ್ಚಿಗಳು ತೂಗಾಡುವುದನ್ನು ಒಮ್ಮೆ ನೋಡಿದ್ದೇನೆ. ಅವತ್ತು ಲಿಫ್ಟ್ ನಿಲ್ಲಿಸಿದ್ದಕ್ಕೆ ಯಾರೂ ಗೊಣಗಲಿಲ್ಲ. ನಮ್ಮ ಮೇಲಿನ ಲಿಫ್ಟ್ ಉತ್ತರ ದಕ್ಷಿಣಕ್ಕಿದೆ, ಬರುವ ಗಾಳಿ ಪಶ್ಚಿಮದ್ದು. ಇದಕ್ಕಿಂತ ಜಾಸ್ತಿ ಹೇಳಬೇಕಾ?

ಮೂರನೆಯದು ನನಗೆ ತುಂಬಾ ಇಷ್ಟದ ವಿಷಯ, ಹಿಮ ಯಾವ ಕ್ರಮದಲ್ಲಿ ಬೀಳುತ್ತದೆ ಅನ್ನೋದು. ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹಿಮ ಅನ್ನೋದು ಸುಲಭದ ಲೆಕ್ಕ. ಚೆನ್ನಾಗಿ ತಣ್ಣಗಿದ್ದರೆ ಅಷ್ಟೇ ನೀರು ಒಂದೂವರೆ, ಎರಡು ಸೆಂಟಿಮೀಟರ್ ಉಬ್ಬುತ್ತದೆ. ಬೆಚ್ಚಗಿದ್ದರೆ ಅರ್ಧಕ್ಕೆ ಕುಗ್ಗುತ್ತದೆ. ಬಿರುಗಾಳಿ ಬೆಚ್ಚಗೆ ಶುರುವಾಗಿ ತಣ್ಣಗೆ ಮುಗಿದರೆ ಕೆಳಗೆ ಭಾರದ ಹಿಮ, ಮೇಲೆ ಹಗುರದ ಹಿಮ. ಸ್ಕೀ ಮೇಲೆ ತೇಲುತ್ತದೆ, ಹಳೆಯ ಗಟ್ಟಿ ಐಸ್ ಕಾಲಿಗೆ ತಾಗುವುದಿಲ್ಲ. ತಣ್ಣಗೆ ಶುರುವಾಗಿ ಬೆಚ್ಚಗೆ ಮುಗಿದರೆ ಎಲ್ಲ ತಲೆಕೆಳಗು. ಹಗುರದ ಹಿಮದ ಮೇಲೆ ಭಾರದ ಹೊದಿಕೆ. ಸ್ಕೀ ತುದಿ ಒಳಗೆ ಹೋದರೆ ಹೊರಗೆ ಬರುವುದಿಲ್ಲ, ಮೊಣಕಾಲು ತಿರುಚಿಕೊಳ್ಳುತ್ತದೆ. ಎರಡಕ್ಕೂ ವರದಿಯಲ್ಲಿ ಬರುವುದು ಒಂದೇ "40". ಈ ಸಲದ್ದು ಬೆಚ್ಚಗೆ ಶುರುವಾಗಿ ತಣ್ಣಗೆ ಮುಗಿಯುವ ಜಾತಿ. ಹಾಗಾಗಿ ಬಿರುಗಾಳಿ ಒಳ್ಳೆಯದೇ, ಅದು ಬೀಸುವ ದಿನ ಮಾತ್ರ ನಮಗೆ ಬೇಡ.

ಎಲ್ಲ ಊರಿನಲ್ಲೂ ಹೀಗೆ ದಿನ ಎಣಿಸಬೇಕಾಗಿಲ್ಲ. ಜಪಾನಿನ ಹೊಕ್ಕೈಡೊ ನೋಡಿ. ಚಳಿಗಾಲದಲ್ಲಿ ಸೈಬೀರಿಯಾದ ಕೊರೆಯುವ ಗಾಳಿ ಜಪಾನ್ ಸಮುದ್ರದ ಮೇಲೆ ಹಾದು ನೀರು ಹೀರಿಕೊಂಡು ಬರುತ್ತದೆ, ಬೆಟ್ಟಕ್ಕೆ ತಾಗಿದಾಗ ಸುರಿಸುತ್ತದೆ. ದೊಡ್ಡ ಬಿರುಗಾಳಿಯೇ ಬರಬೇಕು ಅಂತಿಲ್ಲ. ಜನವರಿಯಲ್ಲಿ ವಾರದ ಮಟ್ಟಿಗೆ ಹೋದರೆ ಸಾಕು, ಯಾವುದೋ ಒಂದು ದಿನ ಸಿಕ್ಕೇ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರ್ರಾ ನೆವಾಡಾ ಇದಕ್ಕೆ ಉಲ್ಟಾ. ಇಡೀ ವರ್ಷದ ಹಿಮದಲ್ಲಿ ದೊಡ್ಡ ಪಾಲು ಕೆಲವೇ ಬಿರುಗಾಳಿಗಳಿಂದ ಬರುತ್ತದೆ. ಅಲ್ಲಿ ಆರು ತಿಂಗಳ ಮುಂಚೆ ದಿನ ಗೊತ್ತು ಮಾಡುವುದು ಲಾಟರಿ. ಎಂಥ ಬೆಟ್ಟ ಅನ್ನೋದು ಮೊದಲು ತಿಳಿಯಬೇಕು, ಕ್ಯಾಲೆಂಡರ್ ಆಮೇಲೆ.

ಭಾನುವಾರಕ್ಕೂ ತೊಂದರೆ ಇಲ್ಲದಿಲ್ಲ. ಬಿಸಿಲು ಬಂದರೆ ಊರೆಲ್ಲ ಬರುತ್ತದೆ. ರಾತ್ರಿಯೆಲ್ಲ ಗಾಳಿ ಹಿಮವನ್ನು ಒಂದು ಮಗ್ಗುಲಿನಿಂದ ಗುಡಿಸಿ ಇನ್ನೊಂದು ಮಗ್ಗುಲಿಗೆ ರಾಶಿ ಹಾಕಿರುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಬೇಗ ಅಲ್ಲಿ ಗುಡ್ಡೆಯಾಗುತ್ತದೆ. ಅಂಥ ಜಾಗದಲ್ಲೇ ಹಿಮಕುಸಿತ. 30ರಿಂದ 45 ಡಿಗ್ರಿ ಇಳಿಜಾರು ಇದಕ್ಕೆ ಹೆಸರುವಾಸಿ, ನಾವು ಆಸೆಪಡುವುದೂ ಅದೇ ಇಳಿಜಾರಿಗೆ. ಹಾಗಾಗಿ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪಟ್ರೋಲ್ ತಂಡದವರು ಬೆಳಗ್ಗೆ ಸ್ಫೋಟಕ ಹಾಕಿ ಹಿಮ ಕೆಡವಿ, ಆಮೇಲೆ ಮೇಲಿನ ಲಿಫ್ಟ್ ಬಿಡುತ್ತಾರೆ. ಎಷ್ಟು ಹೊತ್ತಿಗೆ ಅಂತ ಯಾರೂ ಹೇಳಲ್ಲ. ಹಿಮಕುಸಿತದ ಅಪಾಯ ಐದರಲ್ಲಿ ಮೂರು ಅಂತ ಇವತ್ತೇ ಹಾಕಿದ್ದಾರೆ, ಬಿರುಗಾಳಿ ಬಂದ ಮೇಲೆ ಏರಬಹುದು. ಮೂರು ಅಂದರೆ ಮಧ್ಯ, ಪರವಾಗಿಲ್ಲ ಅಂತ ಓದಿಕೊಳ್ಳುವವರಿದ್ದಾರೆ, ಅದು ತಪ್ಪು. ಹಗ್ಗ ಕಟ್ಟಿದ ಗಡಿಯಾಚೆಗೆ ಕಾಲಿಡುವುದಿಲ್ಲ ಅಂತ ತಂಗಿಯ ಹತ್ತಿರ ಮಾತು ತೆಗೆದುಕೊಂಡಿದ್ದೇನೆ. ನಾನೂ ಕೊಟ್ಟಿದ್ದೇನೆ.

ಶನಿವಾರ ರಾತ್ರಿ ಮಲಗುವ ಮುಂಚೆ ರೆಸಾರ್ಟಿನ ಕ್ಯಾಮೆರಾವನ್ನು ಫೋನಿನಲ್ಲಿ ನೋಡಬೇಕು. ಹಿಮ ಅಳೆಯುವ ಕೋಲಿನ ಕ್ಯಾಮೆರಾ ಇದ್ದರೆ ವರದಿಗಿಂತ ಅದೇ ಮೇಲು. ಕೋಲಿನ ಬುಡದ ಹಲಗೆಯನ್ನು ಯಾವಾಗ ಗುಡಿಸಿದರು ಅನ್ನೋದೊಂದು ಗೊತ್ತಿದ್ದರೆ ಸಾಕು. ರೂಮು ಈ ಸಲ ರದ್ದು ಮಾಡಬಹುದಾದದ್ದು. ಸ್ಕೀ ಕನ್ನಡಕದ ಹಳದಿ ಗಾಜು, ಕಪ್ಪು ಗಾಜು ಎರಡೂ ಬ್ಯಾಗಿನಲ್ಲಿವೆ. ಟೈರ್ ಚೈನ್ ಕಾರಿನಲ್ಲೇ ಇದೆ. ಕೈಗವಸು ಎರಡು ಜೊತೆ.

ಫೆಬ್ರವರಿ 8, ಭಾನುವಾರ
ರಾತ್ರಿ 9.15

ಸೊಂಟ ನೋಯುತ್ತಿದೆ, ಎರಡು ಮಾತು ಬರೆದು ಮಲಗುತ್ತೇನೆ.

ಶನಿವಾರ ಮೇಲಿನ ಲಿಫ್ಟ್ ಇಡೀ ದಿನ ಬಂದ್. ಅದೊಂದು ಸರಿಯಾಯಿತು. ಉಳಿದ ಲೆಕ್ಕ ಅರ್ಧ ತಪ್ಪಿತು. ಫ್ರಂಟ್ ಮೂರು ಗಂಟೆ ತಡವಾಗಿ ಬಂತು, ಮಳೆ ಅಷ್ಟು ಹೊತ್ತು ಜಾಸ್ತಿ ಸುರಿಯಿತು. ಕೋಲಿನಲ್ಲಿ ಕಂಡದ್ದು 40 ಅಲ್ಲ, 26. ಇವತ್ತು ಬೆಳಗ್ಗೆ ಬುಡದ ಹಾದಿ ಗಾಜಿನ ಹಾಗೆ ಗಟ್ಟಿ. ಒದ್ದೆಯಾದದ್ದೆಲ್ಲ ರಾತ್ರಿ ಹೆಪ್ಪುಗಟ್ಟಿತ್ತು. ಗುಡಿಸಿ ಸಮ ಮಾಡುವ ಯಂತ್ರ ಓಡಿದ್ದರೂ ಬೋರ್ಡಿನ ಅಂಚು ಕರಕರ ಅನ್ನುತ್ತಿತ್ತು. ತಂಗಿ ಒಮ್ಮೆ ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.

ಮೇಲಿನ ಲಿಫ್ಟ್ ಬಿಟ್ಟದ್ದು 11.20ಕ್ಕೆ. ಸಾಲಿನಲ್ಲಿ ನಿಂತಿದ್ದಾಗ ಮೇಲಿನಿಂದ ಸ್ಫೋಟದ ಸದ್ದು ಎರಡು ಸಲ ಕೇಳಿತು. ಕುರ್ಚಿಯಿಂದ ನೋಡಿದರೆ ಪಶ್ಚಿಮದ ಮಗ್ಗುಲು ಬೋಳು, ಕಲ್ಲು ಕಾಣುತ್ತಿತ್ತು. ಎಲ್ಲರೂ ಅದನ್ನು ನೋಡಿ "ಇಷ್ಟೇನಾ" ಅಂದುಕೊಂಡು ನಡುವಿನ ಹಾದಿ ಹಿಡಿದರು. ನಾವು ಹೋದದ್ದು ಪೂರ್ವದ ಇಳಿಜಾರಿಗೆ, ಅದನ್ನೂ ತೆರೆದಿದ್ದರು. ಹಗ್ಗದ ಒಳಗೇ. ಪಶ್ಚಿಮದ ಮಗ್ಗುಲಿನ ಹಿಮವೆಲ್ಲ ಇಲ್ಲಿ ಬಂದು ಬಿದ್ದಿತ್ತು. ಮೊಣಕಾಲಿನವರೆಗೆ, ಹಗುರ, ಸದ್ದೇ ಇಲ್ಲ. ತಂಗಿ ಮುಂದೆ ಹೋದಳು. ಮೊದಲ ತಿರುವಿನಲ್ಲಿ ಬೋರ್ಡಿನಿಂದ ಎದ್ದ ಹಿಮ ಅವಳನ್ನೇ ಮುಚ್ಚಿಬಿಟ್ಟಿತು. ಒಂದು ಕ್ಷಣ ಬರೀ ಕೂಗು ಕೇಳಿತು, ಆಳು ಕಾಣಲಿಲ್ಲ.

ಅಂಥ ಓಟ ನಾಲ್ಕು ಸಿಕ್ಕವು. ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಮುನ್ಸೂಚನೆಯಲ್ಲಿ ಎಲ್ಲೂ ಇಲ್ಲದ ಒಂದು ಸಮಸ್ಯೆ ಕೊನೆಗೆ ಎದುರಾಯಿತು. ಆ ಇಳಿಜಾರಿನ ಬುಡದಿಂದ ಲಿಫ್ಟಿಗೆ ಮುನ್ನೂರು ಮೀಟರ್ ಸಮತಟ್ಟು ದಾರಿ. ನನಗೆ ಸ್ಕೀ ಕೋಲು ಇದೆ, ತಳ್ಳಿಕೊಂಡು ಹೋಗುತ್ತೇನೆ. ಸ್ನೋಬೋರ್ಡ್ ಹೊಸ ಹಿಮದಲ್ಲಿ ನಿಂತರೆ ಅಲ್ಲೇ ನಿಂತಿತು. ತಂಗಿ ಬೋರ್ಡಿನಿಂದ ಒಂದು ಕಾಲು ಬಿಡಿಸಿಕೊಂಡಳು, ಸೊಂಟದವರೆಗೆ ಹೂತಳು.

"ಅಣ್ಣಾ, ಸೊನ್ನೆ ಗೆರೆ ನೋಡಿದೆ, ಗಾಳಿ ನೋಡಿದೆ. ಇದನ್ನ ಯಾರು ನೋಡ್ಬೇಕಿತ್ತು?"

ಕೋಲಿನ ಒಂದು ತುದಿ ಕೊಟ್ಟೆ. ಮುನ್ನೂರು ಮೀಟರ್, ನಾಲ್ಕು ಸಲ ಎಳೆದಿದ್ದೇನೆ. ಸೊಂಟ ನೋವು ಅದಕ್ಕೇ.